ಓದದೆ ಬಿಟ್ಟ ನಾಲ್ಕನೆಯ ಕೋರಿಕೆ

ಕೊಳ್ಳೇಗಾಲದ ಬಸ್ ನಿಲ್ದಾಣದ ಎದುರು ಬಟ್ಟೆ ಇಸ್ತ್ರಿ ಮಾಡುವವನೊಬ್ಬ ಇನ್ನೂ ಇದ್ದಿಲಿನ ಪೆಟ್ಟಿಗೆಯನ್ನೇ ಇಟ್ಟುಕೊಂಡಿದ್ದಾನೆ. ಹೋದ ತಿಂಗಳು ಹನೂರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅವನು ಪೆಟ್ಟಿಗೆಯ ಬಾಯಿ ತೆರೆದು ರಟ್ಟಿನ ತುಂಡಿನಿಂದ ಗಾಳಿ ಹಾಕಿದ. ಹೊಸ ಇದ್ದಿಲು ಹೊತ್ತಿಕೊಳ್ಳುವಾಗ ಬರುವ ಘಾಟು ನನ್ನ ಮೂಗಿಗೆ ಬಡಿಯಿತು. ಜೊತೆಗಿದ್ದ ಮೊಮ್ಮಗಳು, "ಯಾಕ್ ತಾತ, ಮುಖ ಹಂಗ್ ಮಾಡ್ಕೊಂಡ್ರಿ?" ಅಂದಳು. ಕಣ್ಣಿಗೆ ಹೊಗೆ ಹೋಯಿತು ಅಂದೆ. ಹೊಗೆ ನನ್ನ ಕಣ್ಣಿನ ಹತ್ತಿರಕ್ಕೂ ಬಂದಿರಲಿಲ್ಲ. ಸರಾಗವಾಗಿ ಸುಳ್ಳು ಹೇಳುವುದು ನನಗೆ ಹಳೆಯ ಅಭ್ಯಾಸ, ಅದನ್ನು ಕಲಿತದ್ದೂ ಇದೇ ದಾರಿಯಲ್ಲಿ, ಇದೇ ವಾಸನೆಯ ನಡುವೆ.

ಅದು ಎರಡನೆಯ ಮಹಾಯುದ್ಧ ಮುಗಿದಿದ್ದರೂ ಪೆಟ್ರೋಲು ಇನ್ನೂ ಸರಿಯಾಗಿ ಸಿಗದಿದ್ದ ಕಾಲ. ಬಸ್ಸಿನ ಹಿಂದುಗಡೆ ಹಂಡೆಯಂಥದೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಇಂಜಿನ್ ಓಡಿಸುತ್ತಿದ್ದರು. ಹೊರಡುವುದಕ್ಕೆ ಅರ್ಧ ಗಂಟೆ ಮೊದಲೇ ಕ್ಲೀನರು ಹಿಂದೆ ನಿಂತು ಹಿಡಿ ತಿರುಗಿಸುತ್ತಾ ಗಾಳಿ ಹಾಕಬೇಕಿತ್ತು. ಕೊಳ್ಳೇಗಾಲ ತಾಲ್ಲೂಕು ಆಗ ಮದ್ರಾಸು ಸರ್ಕಾರದ್ದು. ನಮ್ಮ ಜಿಲ್ಲಾ ಕಚೇರಿ ಇದ್ದದ್ದು ಘಟ್ಟದಾಚೆ ಕೊಯಮತ್ತೂರಿನಲ್ಲಿ. ಪಕ್ಕದ ಯಳಂದೂರು ಮಾತ್ರ ಮೈಸೂರು ಸೀಮೆ. ನಾನು ಕೊಳ್ಳೇಗಾಲದ ಮಗ್ಗದ ಬೀದಿಯವನು, ರೇಷ್ಮೆ ಸೀರೆ ನೇಯುವವರ ಮಗ. ನಾಲ್ಕಕ್ಷರ ಕಲಿತ ತಪ್ಪಿಗೆ ಹನೂರಿನ ಬೋರ್ಡ್ ಸ್ಕೂಲಿಗೆ ಮೇಷ್ಟ್ರಾಗಿ ಹೋದೆ. ಕೊಳ್ಳೇಗಾಲದವರೆಗೆ ಬಸ್ಸಿತ್ತು. ಅಲ್ಲಿಂದ ಹನೂರಿಗೆ ಎತ್ತಿನ ಗಾಡಿಯೇ ಗತಿ.

ಶನಿವಾರ ಅರ್ಧ ದಿನದ ಪಾಠ ಮುಗಿಸಿ ಹನೂರು ಬಿಟ್ಟರೆ ಊರು ಮುಟ್ಟುವಾಗ ದೀಪ ಹಚ್ಚಿರುತ್ತಿದ್ದರು. ಭಾನುವಾರ ಊಟ ಮಾಡಿ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಗಾಡಿ ಹತ್ತಬೇಕು. ಮದುವೆಯಾಗಿ ವರ್ಷವೂ ತುಂಬಿರದ ಗಂಡಸಿಗೆ ಇದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹೆಂಡತಿ ನಾಗರತ್ನ ಯಳಂದೂರಿನವಳು. ಅವಳು ಕೊಳ್ಳೇಗಾಲದಲ್ಲಿ ನಮ್ಮ ಅವ್ವನ ಜೊತೆ ಇದ್ದಳು. "ಹನೂರಿಗೆ ಬಸ್ ಬಂದ ದಿನ ನಾನೂ ಬರ್ತೀನಿ, ಅಲ್ಲೀಗಂಟ ನೀವೇ ಓಡಾಡ್ಕೊಂಡಿರಿ" ಎಂದು ಖಂಡಿತವಾಗಿ ಹೇಳಿದ್ದಳು. ಅವಳ ಅಪ್ಪನಂತೂ ನಾನು ಕಂಡಾಗಲೆಲ್ಲ, "ಏನಳಿಯಂದ್ರೆ, ನಿಮ್ಮ ಮದ್ರಾಸು ಸರ್ಕಾರ್ದಲ್ಲಿ ಇನ್ನೂ ಎತ್ತೇ ಇಂಜಿನ್ನೋ?" ಎಂದು ಹತ್ತು ಜನರ ಮುಂದೆ ಕೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಕುದಿಯುತ್ತಿತ್ತು.

ನಾನು ಹೋಗಿ ಬರುತ್ತಿದ್ದದ್ದು ಪುಟ್ಟಮಾದುವಿನ ಗಾಡಿಯಲ್ಲಿ. ನಲವತ್ತು ದಾಟಿದ ಆಳು, ಕಪ್ಪಗೆ, ಸಣ್ಣಗೆ, ಹೆಗಲ ಮೇಲೆ ಸದಾ ಒಂದು ಹಳದಿಗಟ್ಟಿದ ವಲ್ಲಿ. ಕಮಾನು ಗಾಡಿ, ಒಳಗೆ ಒಣಹುಲ್ಲಿನ ಮೇಲೆ ಚಾಪೆ. ಹನೂರಿನಲ್ಲಿ ಹತ್ತು ಹನ್ನೆರಡು ಬಾಡಿಗೆ ಗಾಡಿಗಳಿದ್ದರೂ ಜನ ಇವನ ಗಾಡಿಗೇ ಕಾಯುತ್ತಿದ್ದರು. ಕಾರಣ ಅವನ ಎತ್ತುಗಳಲ್ಲ, ಅವನ ತಲೆ. ಪುಟ್ಟಮಾದುವಿಗೆ ಓದು ಬರಹ ಬಾರದು. ಆದರೆ ಒಮ್ಮೆ ಕೇಳಿದ್ದು ಅವನ ತಲೆಯಿಂದ ಆಚೆ ಹೋಗುತ್ತಿರಲಿಲ್ಲ.

ಹೊರಡುವ ಮುನ್ನ ಅವನು ಊರ ತುದಿಯಲ್ಲಿ ಗಾಡಿ ನಿಲ್ಲಿಸಿ, "ಕೊಳ್ಳೇಗಾಲ್ದ್ ದಾರೀಗೆ ಏನಾರ ಮಾತಿದ್ದದಾ?" ಎಂದು ಕೂಗುತ್ತಿದ್ದ. ಮನೆಮನೆಯಿಂದ ಹೆಂಗಸರು ಬಂದು ತಮ್ಮ ಮಾತನ್ನು ಅವನಿಗೆ ಒಪ್ಪಿಸುತ್ತಿದ್ದರು. ಮಂಗಲದಲ್ಲಿ ಯಾವ ಅತ್ತೆಗೆ ಏನು ಹೇಳಬೇಕು, ಕಾಮಗೆರೆಯಲ್ಲಿ ಯಾರ ಮಗಳನ್ನು ಯಾವಾಗ ಕಳಿಸಬೇಕು, ಸಿಂಗಾನಲ್ಲೂರಿನಲ್ಲಿ ಯಾರ ಹಸು ಕರು ಹಾಕಿತು, ಎಲ್ಲ ಅವನ ಬಾಯಲ್ಲಿ. ಒಂದು ಚೀಟಿಯಿಲ್ಲ, ಒಂದು ಗುರುತಿಲ್ಲ. ಬರೀ ಮಾತಲ್ಲ, ಹೇಳಿದವರ ದನಿಯನ್ನೂ ತರುತ್ತಿದ್ದ. ಒಂದು ಸಲ ನಮ್ಮ ಅವ್ವ ನನಗೆ ಹೇಳಿ ಕಳಿಸಿದ್ದನ್ನು ಸ್ಕೂಲಿನ ಜಗಲಿಯಲ್ಲಿ ನಿಂತು ಒಪ್ಪಿಸಿದ: "ಆ ಮಡೇನ್‌ಗೆ ಏಳು, ಎಣ್ಣೆ ನೀರು ಆಕ್ಕಳ್ದೆ ತಿಂಗ್ಳಾಯ್ತು, ತಲೆ ಜೇನ್ಗೂಡಾಗದೆ ಅಂತ." ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಮಕ್ಕಳ ಮುಂದೆ ದಡ್ಡ ಎನಿಸಿಕೊಂಡು ನನಗೆ ಮಾನ ಹೋದಂತಾಗಿ, "ಮಡೇನ್ ಅನ್ನೋದನ್ನ ಬಿಟ್ಟು ಹೇಳೋಕಾಗ್ಲಿಲ್ವಾ?" ಎಂದು ರೇಗಿದೆ. ಅವನು ನಿಜವಾಗಿಯೂ ಅಚ್ಚರಿಪಟ್ಟ. "ಅದೆಂಗ್ ಬುಡಾಕಾದದು ಮೇಷ್ಟ್ರೇ? ಅವ್ವ ಕೊಟ್ಟಿದ್ ಮಾತು. ನಾನು ಕೂಲಿಗೆ ಒರೋನು. ನಡುವೆ ಒಂದು ಕಾಳು ತಗುದ್ರೂ ಕಳ್ತನ ಆಗಾಕಿಲ್ವಾ?"

ಆ ಮಾತನ್ನು ಆಗ ನಾನು ತಮಾಷೆಯಾಗಿಯೇ ತೆಗೆದುಕೊಂಡೆ.

ಯುಗಾದಿ ಕಳೆದು ಕೆಲವು ದಿನಕ್ಕೆ ಕೊಳ್ಳೇಗಾಲದಲ್ಲಿ ಬಸ್ಸಿನ ಏಜೆಂಟರು ನನ್ನನ್ನು ಹುಡುಕಿಕೊಂಡು ಮನೆಗೇ ಬಂದರು. ಹನೂರಿನವರೆಗೆ ಬಸ್ಸು ಬಿಡುವುದಕ್ಕೆ ಅವರ ಯಜಮಾನರು ಪರ್ಮಿಟ್ಟು ಕೇಳಿದ್ದರಂತೆ. ಬಸ್ಸು ಬೇಕೆಂದು ಊರ ಜನರೇ ಅರ್ಜಿ ಕೊಟ್ಟರೆ ಕೆಲಸ ಬೇಗ ಆಗುತ್ತದಂತೆ. "ನಿಮ್ಮ ಕೈಬರಹ ಅಚ್ಚು ಹಾಕ್ದಂಗದೆ ಮೇಷ್ಟ್ರೇ, ನೀವೇ ಬರೀಬೇಕು" ಅಂದರು. ನನ್ನ ಕೈಬರಹವನ್ನು ಯಾರಾದರೂ ಹೊಗಳಿದರೆ ಅವತ್ತೂ ಕರಗುತ್ತಿದ್ದೆ, ಇವತ್ತೂ ಕರಗುತ್ತೇನೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಮೊದಲನೆಯದು, ರಸ್ತೆಯ ಗುಂಡಿ ಮುಚ್ಚಿಸಿ ಬಸ್ಸು ಬರುವಂತೆ ಮಾಡಬೇಕು. ಎರಡನೆಯದು, ಹಳ್ಳದ ಮೋರಿ ಕುಸಿದಿದೆ, ಕಟ್ಟಿಸಬೇಕು. ಮೂರನೆಯದು, ಎತ್ತುಗಳಿಗೆ ನೀರು ಕುಡಿಸಲು ಮಧುವನಹಳ್ಳಿಯ ಹತ್ತಿರ ಒಂದು ಕಲ್ಲಿನ ತೊಟ್ಟಿ ಬೇಕು.

ನಾಲ್ಕನೆಯದನ್ನು ಹೇಳುವಾಗ ಏಜೆಂಟರು ದನಿ ತಗ್ಗಿಸಿದರು. ಗಾಡಿ ಚಕ್ರದ ಕಬ್ಬಿಣದ ಪಟ್ಟಿ ಜಲ್ಲಿ ರಸ್ತೆಯನ್ನು ಕೊರೆದು ಹಾಳುಮಾಡುತ್ತದೆ, ಗಾಡಿಗಳು ರಸ್ತೆ ಬಿಟ್ಟರೆ ಮಾತ್ರ ಬಸ್ಸಿಗೆ ಅಪ್ಪಣೆ ಎಂದು ಮೇಲಿನವರು ಹೇಳಿದ್ದರಂತೆ. ಆದ್ದರಿಂದ, "ಗಾಡಿಯವರಾದ ನಾವು ಇನ್ನು ಮುಂದೆ ಜಲ್ಲಿ ರಸ್ತೆಗೆ ಹತ್ತದೆ ಪಕ್ಕದ ಮಣ್ಣು ಹಾದಿಯಲ್ಲೇ ಹೋಗಲು ಮನಃಪೂರ್ವಕವಾಗಿ ಒಪ್ಪಿರುತ್ತೇವೆ." ಕೆಳಗೆ ಗಾಡಿಯವರ ಹೆಬ್ಬೆಟ್ಟು.

"ಇದಕ್ಕೆ ಅವರು ಒಪ್ಪಬೇಕಲ್ಲ" ಅಂದೆ.

"ಒಪ್ಸೋಕೆ ತಾನೇ ನೀವಿರೋದು" ಎಂದು ನಕ್ಕು, ಒಳಗಿದ್ದ ನಾಗರತ್ನಳಿಗೆ ಕೇಳುವಂತೆ, "ದೀಪಾವಳಿ ಒಳಗೆ ಅಮ್ಮಾವ್ರು ಹನೂರಲ್ಲಿ ಸಂಸಾರ ಹೂಡ್ಬೋದು" ಅಂದರು. ಒಳಗಿನಿಂದ ಬಳೆ ಸದ್ದಾಯಿತು. ನಾಲ್ಕನೆಯದನ್ನೂ ಅಚ್ಚು ಹಾಕಿದಂಥ ಅಕ್ಷರದಲ್ಲೇ ಬರೆದೆ.

ಮುಂದಿನ ಸೋಮವಾರ ಸಂಜೆ ಸ್ಕೂಲು ಬಿಟ್ಟ ಮೇಲೆ ಗಾಡಿಯವರನ್ನೆಲ್ಲ ಜಗಲಿಗೆ ಕರೆಸಿದೆ. ಹನ್ನೊಂದು ಜನ ಬಂದು ನೆಲದ ಮೇಲೆ ಕೂತರು. ನಾನು ಪಾಠ ಓದುವ ದನಿಯಲ್ಲಿ ಅರ್ಜಿ ಓದತೊಡಗಿದೆ. ಮೂರನೆಯ ಕೋರಿಕೆ ಮುಗಿಯಿತು. ನೀರಿನ ತೊಟ್ಟಿ ಎಂದ ಕೂಡಲೇ ಅವರ ಮುಖ ಅರಳಿತ್ತು. ಒಬ್ಬ, "ಮೇಷ್ಟ್ರು ಎತ್ತಿನ್ ಬಾಯಾರ್ಕೆನೂ ನೋಡವ್ರೆ" ಅಂದ. ನಾಲ್ಕನೆಯ ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. ಓದಿದರೆ ಅರ್ಧ ಜನ ಎದ್ದು ಹೋಗುತ್ತಾರೆ. ನಾಗರತ್ನ ಕೊಳ್ಳೇಗಾಲದಲ್ಲೇ ಉಳಿಯುತ್ತಾಳೆ. ಹಾಳೆ ಮಡಚಿದೆ.

ಪುಟ್ಟಮಾದು ಕೇಳಿದ: "ಅಷ್ಟೇನಾ ಮೇಷ್ಟ್ರೇ?"

"ಅಷ್ಟೇ" ಅಂದೆ.

ಆಗ ಅವನು ತನ್ನ ಕಡೆಯವರತ್ತ ತಿರುಗಿ ಕೂತು, ನಾನು ಓದಿದ್ದನ್ನೆಲ್ಲ ಮೊದಲಿನಿಂದ ಒಂದಕ್ಷರ ತಪ್ಪದೆ ಒಪ್ಪಿಸಿದ. 'ಮಹಾರಾಜರಾಜೇಶ್ರೀ' ಎಂಬ ಮೊದಲ ಸಾಲು ಕೂಡ ನನ್ನದೇ ರಾಗದಲ್ಲಿ ಬಂತು. ಕೊನೆಗೆ ಮೂರು ಬೆರಳು ಎತ್ತಿ, "ಮೂರ್ ಮಾತು ಕಣ್ರಪ್ಪ. ಗುಂಡಿ, ಮೋರಿ, ತೊಟ್ಟಿ. ಬಸ್ಸು ಬಂದ್ರೆ ಬರ್ಲಿ, ರಸ್ತೆ ಎಲ್ರುದ್ದೂವೆ. ಒತ್ರಪ್ಪ ಎಬ್ಬೆಟ್ಟ" ಅಂದ. ನನ್ನ ಮಾತಿಗೆ ಎರಡು ಮನಸ್ಸಿನಲ್ಲಿದ್ದವರೂ ಅವನ ಮಾತು ಕೇಳಿ ಮುಂದೆ ಬಂದರು. ಮಸಿ ಹಚ್ಚಿದ ಬಟ್ಟೆಯ ಮೇಲೆ ಒಬ್ಬೊಬ್ಬರ ಹೆಬ್ಬೆರಳನ್ನು ನಾನೇ ಹಿಡಿದು ಒತ್ತಿಸಿದೆ. ಪುಟ್ಟಮಾದುವಿನ ಹೆಬ್ಬೆರಳು ಹಗ್ಗ ಹಿಡಿದು ಹಿಡಿದು ಗಡುಸಾಗಿತ್ತು, ಗೆರೆಯೇ ಮೂಡಲಿಲ್ಲ. ಎರಡನೆಯ ಸಲ ಒತ್ತಿಸಬೇಕಾಯಿತು.

ಆಮೇಲೆ ಎಲ್ಲ ಸರಸರನೆ ನಡೆಯಿತು. ಜಲ್ಲಿ ಬಿತ್ತು, ಗುಂಡಿ ಮುಚ್ಚಿತು, ಮೋರಿ ಎದ್ದು ನಿಂತಿತು. ಆಷಾಢ ಮುಗಿಯುವ ಹೊತ್ತಿಗೆ ಹನೂರಿಗೆ ಬಸ್ಸು ಬಂತು. ತೊಟ್ಟಿ ಮಾತ್ರ ಬರಲಿಲ್ಲ. ಬಸ್ಸಿಗೆ ಬಾಳೆಕಂಬ ಕಟ್ಟಿ, ನನ್ನನ್ನು ಡ್ರೈವರಿನ ಪಕ್ಕದ ಸೀಟಿನಲ್ಲಿ ಕೂರಿಸಿದರು. ನಾನು ಮದುಮಗನ ಠೀವಿಯಲ್ಲಿ ಕೂತೆ. ಅದೇ ವಾರ ನಾಗರತ್ನ ಪಾತ್ರೆ ಪಡಗ ಸಮೇತ ಇಳಿದಳು. ಯಳಂದೂರಿನಿಂದ ಮಾವನವರೂ ಬಂದು, ಇದ್ದಿಲ ಹೊಗೆಗೆ ಕೆಮ್ಮುತ್ತಾ, "ಪರ್ವಾಗಿಲ್ಲ" ಅಂದರು. ಅವರ ಬಾಯಲ್ಲಿ ಪರವಾಗಿಲ್ಲ ಅಂದರೆ ದೊಡ್ಡ ಬಿರುದು.

ಊರಿನ ನಡವಳಿಕೆಯೇ ಬದಲಾಗತೊಡಗಿತು. ಮೊದಮೊದಲು ಜನ ಕೆರ ಕಳಚಿ ಕೈಯಲ್ಲಿ ಹಿಡಿದು ಬಸ್ಸು ಹತ್ತುತ್ತಿದ್ದರು. ಇಳಿಯುವ ಊರು ಬಂದರೂ ಇಳಿಯಲು ಸಂಕೋಚಪಟ್ಟು, ಮುಂದಿನ ಊರಿನಲ್ಲಿಳಿದು ಹಿಂದಕ್ಕೆ ನಡೆಯುತ್ತಿದ್ದವರೂ ಇದ್ದರು. ಎರಡು ತಿಂಗಳಲ್ಲಿ ಅವರೇ "ಏನಯ್ಯಾ ಇವತ್ತು ಲೇಟು" ಎಂದು ಕಂಡಕ್ಟರನ್ನು ಗದರಿಸುವಂತಾದರು. ಬಸ್ಸು ಯಾರಿಗೂ ಕಾಯುತ್ತಿರಲಿಲ್ಲ. ಹೋಗಬೇಕಾದವರೇ ಅದಕ್ಕೆ ಕಾಯಬೇಕಿತ್ತು. ಮೊದಲು ಗಾಡಿಯವನು ಮನೆ ಬಾಗಿಲಿಗೆ ಬಂದು, ಮುದುಕಿ ಎಲೆಅಡಿಕೆ ಹಾಕಿಕೊಂಡು ಏಳುವವರೆಗೆ ಮೂಕಿಗೆ ಒರಗಿ ನಿಂತಿರುತ್ತಿದ್ದ ಎಂಬುದನ್ನು ಜನ ಮರೆತರು. ಎಲ್ಲರಿಗಿಂತ ಮೊದಲು ಮರೆತವನು ನಾನು.

ಆದರೂ ಗಾಡಿಗಳು ನಿಂತಿರಲಿಲ್ಲ. ಸಾಮಾನು, ರೇಷ್ಮೆಗೂಡು, ಬಸ್ಸೆಂದರೆ ವಾಂತಿ ಮಾಡಿಕೊಳ್ಳುವ ಹೆಂಗಸರು ಗಾಡಿಗೇ ಬರುತ್ತಿದ್ದರು. ಪುಟ್ಟಮಾದು ಮೊದಲಿನ ಹಾಗೆಯೇ ಊರ ತುದಿಯಲ್ಲಿ ನಿಂತು ಮಾತು ಕೇಳಿ ಒಯ್ಯುತ್ತಿದ್ದ. ನೆಲ ಒಣಗಿದ್ದಾಗ ಮಣ್ಣು ಹಾದಿಯಾದರೇನು, ಜಲ್ಲಿ ರಸ್ತೆಯಾದರೇನು, ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ನಾಲ್ಕನೆಯ ಕೋರಿಕೆ ಕಾಗದದಲ್ಲೇ ಸತ್ತುಹೋಯಿತು ಎಂದು ನಾನು ನಿಶ್ಚಿಂತನಾಗಿದ್ದೆ.

ಹಿಂಗಾರು ಶುರುವಾಯಿತು. ನಮ್ಮ ಕಡೆ ನಿಜವಾದ ಮಳೆ ಅಂದರೆ ಅದೇ. ಮೂರು ದಿನ ಬಿಡದೆ ಹುಯ್ದು, ಮಣ್ಣು ಹಾದಿ ಕೆಸರುಗದ್ದೆಯಾಯಿತು. ಪುಟ್ಟಮಾದು ರೇಷ್ಮೆಗೂಡಿನ ಬುಟ್ಟಿಗಳನ್ನು ಹೇರಿಕೊಂಡು ಕೊಳ್ಳೇಗಾಲಕ್ಕೆ ಹೊರಟಿದ್ದ. ತಡವಾದರೆ ಗೂಡು ಕೊರೆದು ಚಿಟ್ಟೆ ಬಂದುಬಿಡುತ್ತದೆ, ಆಮೇಲೆ ಅದು ನೂಲಿಗೆ ಬಾರದು. ಕಾಮಗೆರೆ ದಾಟಿದ ಮೇಲೆ ಚಕ್ರ ಅಚ್ಚಿನವರೆಗೆ ಹೂತುಹೋದವು. ಅವನು ಹೇಗೋ ಎತ್ತಿ ಜಲ್ಲಿ ರಸ್ತೆಗೆ ಹತ್ತಿಸಿದ. ಆ ದಿನವೇ ರಸ್ತೆ ನೋಡಲು ಬಂದಿದ್ದ ಅಧಿಕಾರಿಯ ಕಾರು ಎದುರಾಯಿತು. ಗಾಡಿಯ ಬಿಲ್ಲೆ ಕಿತ್ತುಕೊಂಡರು. ಬಿಲ್ಲೆಯಿಲ್ಲದೆ ಬಾಡಿಗೆಗೆ ಗಾಡಿ ಹೂಡುವಂತಿಲ್ಲ. ಮಾರನೆಯ ದಿನ ಬೆಳಿಗ್ಗೆ ಹನೂರಿನ ಸರ್ಕಾರಿ ಬಂಗಲೆಯಲ್ಲಿ ವಿಚಾರಣೆ ಎಂದರು.

ನನಗೂ ಕರೆ ಬಂತು, ಅರ್ಜಿ ಬರೆದವನು ನಾನಲ್ಲವೇ. ಬಂಗಲೆಯ ಜಗಲಿಯಲ್ಲಿ ಅಧಿಕಾರಿ ಕುರ್ಚಿಯ ಮೇಲೆ ಕೂತಿದ್ದರು. ಕೊಯಮತ್ತೂರಿನ ಕಡೆಯವರು, ತಮಿಳು ಬೆರೆಸಿ ಕನ್ನಡ ಆಡುತ್ತಿದ್ದರು. ಪಕ್ಕದಲ್ಲಿ ಬಸ್ಸಿನ ಏಜೆಂಟರು. ಕೆಳಗೆ ಅಂಗಳದಲ್ಲಿ ಸಣ್ಣಗೆ ಹನಿಯುವ ಮಳೆಯಲ್ಲಿ ಗಾಡಿಯವರೆಲ್ಲ ಗೋಣಿ ಹೊದ್ದು ನಿಂತಿದ್ದರು. ಪುಟ್ಟಮಾದುವನ್ನು ಅವರೇ ಮುಂದಕ್ಕೆ ತಳ್ಳಿದ್ದರು.

"ಒಪ್ಪಿ ಹೆಬ್ಬೆಟ್ಟು ಒತ್ತಿ, ಈಗ ಮೀರ್ತೀಯಾ?" ಎಂದರು ಅಧಿಕಾರಿ.

"ಒಪ್ಪಿರ್ನಿಲ್ಲ ಸಾ" ಎಂದ ಪುಟ್ಟಮಾದು. ದನಿಯಲ್ಲಿ ಅಂಜಿಕೆ ಇರಲಿಲ್ಲ. "ಮೇಷ್ಟ್ರು ಓದಿದ್ದು ಮೂರ್ ಮಾತು. ಬೇಕಾದ್ರೆ ಈಗ್ಲೂ ಏಳ್ತೀನಿ." ಮಹಾರಾಜರಾಜೇಶ್ರೀ ಎಂದು ಶುರುಮಾಡಿ ತೊಟ್ಟಿಯವರೆಗೆ ಗಡಗಡನೆ ಒಪ್ಪಿಸಿಬಿಟ್ಟ. ಆರು ತಿಂಗಳ ಹಿಂದೆ ಒಂದೇ ಸಲ ಕೇಳಿದ್ದು. ಅಧಿಕಾರಿ ಕೈಯಲ್ಲಿದ್ದ ಹಾಳೆಯ ಮೇಲೆ ಬೆರಳಿಟ್ಟು ಅವನ ಜೊತೆಗೇ ಓದುತ್ತಾ ಬಂದರು. ಅವರ ಹುಬ್ಬು ಮೇಲೇರಿತು. ಮೂರು ಮುಗಿದ ಮೇಲೆ ಅವರ ಬೆರಳು ನಾಲ್ಕರ ಮೇಲೆ ನಿಂತಿತು. ನಿಧಾನವಾಗಿ ನನ್ನ ಕಡೆ ತಿರುಗಿದರು.

"ವಾತ್ತಿಯಾರೇ, ಇಲ್ಲಿ ನಾಲ್ಕಿದೆ. ನಾಲ್ಕೂ ಓದಿದ್ರಾ, ಇಲ್ವಾ?"

ಬೋರ್ಡಿನ ಕೆಲಸ, ಏಜೆಂಟರ ಕಣ್ಣು, ಹೊಸದಾಗಿ ಹೂಡಿದ ಒಲೆ, ಎಲ್ಲ ಒಟ್ಟಿಗೆ ತಲೆಯಲ್ಲಿ ಸುಳಿದವು. ಇಲ್ಲ ಎಂದಿದ್ದರೆ ಹೆಚ್ಚೆಂದರೆ ನನ್ನನ್ನು ಇನ್ನೊಂದು ಊರಿಗೆ ಎತ್ತಿಹಾಕುತ್ತಿದ್ದರು.

"ಓದಿದ್ದೆ ಸಾರ್. ನಾಲ್ಕೂ ಓದಿದ್ದೆ" ಅಂದೆ. ಪಾಠ ಓದುವ ದನಿಯಲ್ಲೇ ಬಂತು.

ಪುಟ್ಟಮಾದು ನನ್ನತ್ತ ನೋಡಿದ. ಅವನು ಸಿಟ್ಟಾಗಿದ್ದರೆ, ಉಗಿದಿದ್ದರೆ ನಾನು ಈ ಹೊತ್ತಿಗೆ ಎಲ್ಲವನ್ನೂ ಮರೆತಿರುತ್ತಿದ್ದೆನೇನೋ. ಅವನ ಮುಖದಲ್ಲಿ ಗೊಂದಲ ಬಿಟ್ಟರೆ ಬೇರೇನೂ ಇರಲಿಲ್ಲ. ತಲೆ ತಗ್ಗಿಸಿ ಬೆರಳ ಮೇಲೆ ಮತ್ತೆ ಎಣಿಸಿದ. ಗುಂಡಿ, ಮೋರಿ, ತೊಟ್ಟಿ. ನಾಲ್ಕನೆಯ ಬೆರಳನ್ನು ಹಿಡಿದುಕೊಂಡು ತುಟಿ ಅಲುಗಿಸುತ್ತಾ ಸ್ವಲ್ಪ ಹೊತ್ತು ನಿಂತ. ಆಮೇಲೆ ಅಧಿಕಾರಿಯ ಕಡೆ ಕೈಮುಗಿದ.

"ಮೇಷ್ಟ್ರು ಓದಿದ್ರು ಅಂದ್ಮೇಲೆ ಓದೇ ಇರ್ತಾರೆ ಸಾ. ನಂಗೇ ಮರ್ತೋಗದೆ."

ಅಧಿಕಾರಿ ಕೆಟ್ಟವರಲ್ಲ. ತಪ್ಪೊಪ್ಪಿಕೊಂಡ ಎಂದು ಬಿಲ್ಲೆಯನ್ನು ಅಲ್ಲೇ ವಾಪಸು ಕೊಟ್ಟರು. "ಇನ್ಮೇಲೆ ಮರೀಬೇಡಪ್ಪ" ಎಂದು ನಕ್ಕರು. ಏಜೆಂಟರೂ ನಕ್ಕರು. ಅಂಗಳದಲ್ಲಿ ಯಾರೂ ನಗಲಿಲ್ಲ. ಮೆಟ್ಟಿಲಿಳಿಯುವಾಗ ಗಾಡಿಯವನೊಬ್ಬ ಪುಟ್ಟಮಾದುವನ್ನು ತಡೆದು, "ನೀನು ಮೂರು ಅಂದೆ ಅಂತ್ಲೇ ಕಣ್ಲಾ ನಾವು ಒತ್ತಿದ್ದು. ನಮ್ಮೆಲ್ಲಾರ್ನೂ ಕೆಸರ್ಗ್ ಆಕ್ಬುಟ್ಟಲ್ಲೋ" ಎಂದ. ಪುಟ್ಟಮಾದು, "ಊಂ ಕಣಪ್ಪ" ಅಂದ. ಅಷ್ಟೇ. ನಾನು ನಾಲ್ಕು ಮಾರು ದೂರದಲ್ಲಿ ಕೊಡೆ ಬಿಚ್ಚುತ್ತಿದ್ದೆ. ಅದು ಬೇಗ ಬಿಚ್ಚಿಕೊಳ್ಳದಿರಲಿ ಎಂದು ಕಡ್ಡಿಯನ್ನು ಸುಮ್ಮನೆ ತಡಕುತ್ತಾ ನಿಂತೆ.

ಅದಾದ ಮೇಲೆ ಮಳೆಯ ಆ ಎರಡು ತಿಂಗಳು ನಾನು ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗುವಾಗ ಕಿಟಕಿಯ ಕಡೆ ಕೂರುವುದನ್ನು ಬಿಟ್ಟೆ. ಪಕ್ಕದ ಹಾದಿಯಲ್ಲಿ ಎತ್ತುಗಳು ಮೊಣಕಾಲುದ್ದ ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುತ್ತಿದ್ದವು. ಬಸ್ಸಿನ ಚಕ್ರದ ನೀರು ಅವುಗಳ ಮೈಮೇಲೆ ಎರಚುತ್ತಿತ್ತು. ಬಸ್ಸಿನಲ್ಲಿದ್ದವರಿಗೆ ಅದೊಂದು ಮೋಜು. ನೀವು ಏನೂ ಮಾಡಲಿಲ್ಲವೇ ಎಂದು ಕೇಳಬಹುದು. ಮಾಡಿದೆ, ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಕೂತಿರುತ್ತಿದ್ದೆ.

ಒಂದು ದಿನ ಬೆಳಿಗ್ಗೆ ನಾಗರತ್ನ ಬಾಗಿಲಲ್ಲಿ ನಿಂತು ಪುಟ್ಟಮಾದುವನ್ನು ಕೂಗಿದಳು. ಅವಳಿಗೆ ತಿಂಗಳು ನಿಂತಿತ್ತು. ಕೊಳ್ಳೇಗಾಲದ ಅತ್ತೆಗೆ ಆ ಸುದ್ದಿಯನ್ನು ಕಾಗದದಲ್ಲಿ ಬರೆಯಲು ಅವಳಿಗೆ ನಾಚಿಕೆ, ಪುಟ್ಟಮಾದುವಾದರೆ ತನ್ನ ದನಿಯಲ್ಲೇ ಹೇಳುತ್ತಾನೆ ಎಂಬ ಆಸೆ. ನಾನು ಒಳಗೆ ಶೇವಿಂಗ್ ಮಾಡಿಕೊಳ್ಳುತ್ತಿದ್ದೆ.

"ಬ್ಯಾಡ ಕಣವ್ವ" ಎಂದ ಅವನು. "ನಾನು ಮಾತು ಒರೋದ ಬುಟ್ಬುಟ್ಟೆ. ನನ್ ತಲೆ ಮೊದ್ಲಂಗಿಲ್ಲ. ಒಳ್ಳೆ ಸುದ್ದಿಯ ತಪ್ಪೇಳಿ ಕೆಡುಸ್ಬಾರ್ದು. ಬಸ್ನಲ್ಲಿ ಕಾಗ್ದ ಕಳ್ಸ್ಬುಡಿ."

"ನಿನ್ ತಲೇಗೇನಾಗಿದೆ ಪುಟ್ಟಮಾದು?"

"ವಯಸ್ಸಾಯ್ತಾ ಬಂತಲ್ಲವ್ವ." ಆಗ ನಾನು ಕಿಟಕಿಯಿಂದ ನೋಡಿದೆ. ಅವನ ವಲ್ಲಿಯ ಅಂಚಿನುದ್ದಕ್ಕೂ ಗಂಟುಗಳಿದ್ದವು. "ಇದ್ಯಾಕೆ ಗಂಟು?" ಎಂದು ಅವಳು ಕೇಳಿದ್ದಕ್ಕೆ ಒಂದೊಂದನ್ನೇ ಮುಟ್ಟಿ ತೋರಿಸಿದ. "ಇದು ಉಪ್ಪು ತರೋಕೆ. ಇದು ಎತ್ಗೆ ಲಾಳ ಕಟ್ಸೋಕೆ. ಇದು..." ಮೂರನೆಯ ಗಂಟು ಯಾತಕ್ಕೆಂದು ಅವನಿಗೆ ಹೊಳೆಯಲಿಲ್ಲ. ನಾಚಿಕೊಂಡು ನಕ್ಕು, ಎತ್ತುಗಳನ್ನು ಅಟ್ಟಿಕೊಂಡು ಹೊರಟುಹೋದ.

ನಾಗರತ್ನ ಒಳಗೆ ಬಂದಳು. "ಅವನಿಗೆ ಮರೆವು ಅಂತ ಯಾರು ಹೇಳಿದ್ದು?"

ಅರ್ಧ ಸೋಪು ಹಚ್ಚಿದ ಮುಖದಲ್ಲಿ ನಾನು ಕನ್ನಡಿಯನ್ನೇ ನೋಡುತ್ತಿದ್ದೆ. "ನಾನು" ಅಂದೆ. ಆಮೇಲೆ ಎಲ್ಲ ಹೇಳಿದೆ. ನಿನಗಾಗಿಯೇ ಮಾಡಿದೆ ಎಂದು ನಾನು ಸೇರಿಸಿದಾಗ, "ನನ್ನ ಮೇಲೆ ಹಾಕ್ಬೇಡಿ" ಅಂದಳು. ಆಮೇಲೆ, "ಇವತ್ತೇ ಹೋಗಿ. ನೀನೇನೂ ಮರ್ತಿಲ್ಲ ಅಂತ ಅವನಿಗೆ ಹೇಳ್ಬಿಟ್ಟು ಬನ್ನಿ. ಎಲ್ಲರ ಮುಂದೆ ಹೇಳಿ" ಎಂದಳು.

ಅವತ್ತು ಹೋಗಲಿಲ್ಲ. ಆ ವಾರವೂ ಹೋಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ, ಉಳಿದ ಗಾಡಿಯವರೆಲ್ಲ ದಾರಿಯಲ್ಲಿರುವ ಹೊತ್ತು ನೋಡಿಕೊಂಡು ಹೋದೆ. ಆ ಲೆಕ್ಕಾಚಾರವನ್ನು ನಾಗರತ್ನಳಿಗೆ ಕೊನೆಯವರೆಗೂ ಹೇಳಲಿಲ್ಲ. ಮಳೆ ಬಿಟ್ಟು ಹೊಳವಾಗಿತ್ತು. ಪುಟ್ಟಮಾದು ಮನೆಯ ಮುಂದೆ ಒಂದು ಚಕ್ರ ಕಳಚಿ, ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದ. ನನ್ನನ್ನು ಕಂಡು ಎದ್ದು, ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ಕಟ್ಟೆಯ ಮೇಲೆ ಗೋಣಿ ಹಾಸಿದ.

"ಪುಟ್ಟಮಾದು, ಅವತ್ತು ಸ್ಕೂಲಿನ ಜಗಲಿಲಿ ನಾನು ಓದಿದ್ದು ಮೂರೇ. ನಾಲ್ಕನೇದನ್ನ ಓದಲಿಲ್ಲ. ಬಂಗಲೆಯಲ್ಲಿ ಹೇಳಿದ್ದು ಸುಳ್ಳು. ನೀನು ಏನೂ ಮರೆತಿಲ್ಲ." ಇಷ್ಟನ್ನು ಒಂದೇ ಉಸಿರಿಗೆ ಹೇಳಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮೆಲ್ಲಗೆ ನಕ್ಕ. ಅದು ಮಕ್ಕಳನ್ನು ಸಮಾಧಾನ ಮಾಡುವವರ ನಗು.

"ಅವ್ವಾರು ಏಳಿ ಕಳ್ಸುದ್ರಾ? ಮೊನ್ನೆ ನಾನು ಬ್ಯಾಡ ಅಂದಿದ್ಕೆ ಮನಸ್ಗ್ ಆಕ್ಕಂಡ್ರೇನೋ."

"ಇಲ್ಲ ಪುಟ್ಟಮಾದು, ನಿಜ ಹೇಳ್ತಿದೀನಿ. ಬೇಕಾದ್ರೆ ಆಣೆ ಇಡ್ತೀನಿ."

"ಆಣೆ ಗೀಣೆ ಬ್ಯಾಡಿ ಮೇಷ್ಟ್ರೇ." ಈಗ ಅವನ ದನಿ ಗಟ್ಟಿಯಾಯಿತು. "ಅಷ್ಟು ಜನದ್ ಮುಂದೆ, ಅಂಥ ದೊಡ್ಡೋರ್ ಮುಂದೆ, ಮಕ್ಳಿಗೆ ಬುದ್ಧಿ ಏಳೋ ನೀವು ಸುಳ್ಳಾಡ್ತಿದ್ರಾ? ಎಲ್ಲಾರ ಉಂಟಾ? ನಾನು ಕೊರಗ್ತಿವ್ನಿ ಅಂತವ ಈಗ ಬಂದು ನಿಮ್ ಮೇಲೆ ಆಕ್ಕತಾ ಇದೀರಿ. ನನ್ಗೊತ್ತಾಗಾಕಿಲ್ವಾ?"

ಅವತ್ತು ನಾನು ಅವನ ಕೈಹಿಡಿದು ಕರೆದುಕೊಂಡು ಹೋಗಿ, ಗಾಡಿಗಳು ವಾಪಸಾಗುವವರೆಗೆ ಊರ ತುದಿಯಲ್ಲಿ ನಿಂತು, ಉಳಿದ ಹತ್ತು ಜನರ ಮುಂದೆ ಅದೇ ಮಾತನ್ನು ಆಡಿದ್ದರೆ ಅವನು ನಂಬುತ್ತಿದ್ದ. ಇದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ಸುಳ್ಳನ್ನು ನೆರೆದವರ ಮುಂದೆ ಹೇಳಿ, ನಿಜವನ್ನು ಎರಡು ಎತ್ತಿನ ಮುಂದೆ ಹೇಳುವ ಮನುಷ್ಯನನ್ನು ಯಾರು ತಾನೇ ನಂಬುತ್ತಾರೆ? ನಾನು ಹೇಳಿಯಾಯಿತು, ನನ್ನ ಕೆಲಸ ಮುಗಿಯಿತು ಎಂದು ಎದ್ದೆ. ನಾಚಿಕೆಯೆಂದರೆ ಅದು, ಎದ್ದಾಗ ಮೈ ಹಗುರವಾಗಿತ್ತು.

ಅವನು ನನ್ನನ್ನು ಬೀದಿಯವರೆಗೆ ಬಿಡಲು ಬಂದ. "ನಮ್ಮೋಳು ಒಲುದ್ ತಾವು ಓಗವ್ಳೆ. ಇದ್ದಿದ್ರೆ ಒಂದ್ಲೋಟ ಮಜ್ಗೆನಾರ ಕೊಡ್ತಿದ್ಲು" ಎಂದು ಪೇಚಾಡಿಕೊಂಡ. ಹೆಗಲಿನಿಂದ ವಲ್ಲಿ ತೆಗೆದು, ಗಂಟುಗಳ ನಡುವೆ ಖಾಲಿ ಜಾಗ ಹುಡುಕಿ, ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಇನ್ನೊಂದು ಗಂಟು ಬಿಗಿದ.

"ಇದ್ಯಾಕೆ?" ಅಂದೆ.

"ನಿಮ್ಮಂಥೋರು ನಮ್ಮನೆ ಬಾಗಿಲ್ಗಂಟ ಬಂದು ಇಂಥ ಒಳ್ಳೆ ಮಾತ ಆಡುದ್ರಲ್ಲ ಮೇಷ್ಟ್ರೇ. ಸಂಜೇಗೆ ನಮ್ಮೋಳು ಬಂದೇಟ್ಗೆ ಅವ್ಳ್ಗೆ ಏಳ್ಬೇಕು. ಮರ್ತೋದಾತು."